ಎರಡನೇ ಪಾಸ್‌ಪೋರ್ಟ್ ಮತ್ತು ತೆಂಗಿನ ತೋಟ

2022ರ ಮೇ 19ರಂದು ಕೆನಡಾದ ಸಂಸತ್ತಿನಲ್ಲಿ ಕನ್ನಡ ಕೇಳಿಬಂತು. ಮಾತನಾಡಿದವರು ಚಂದ್ರ ಆರ್ಯ. ನಮ್ಮ ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನ ದ್ವಾರಾಳು ಗ್ರಾಮದವರು. ಧಾರವಾಡದಲ್ಲಿ ಎಂಬಿಎ ಓದಿ, 2006ರಲ್ಲಿ ಕೆನಡಾ ಸೇರಿ, 2015ರಲ್ಲಿ ನೇಪಿಯನ್ ಕ್ಷೇತ್ರದಿಂದ ಗೆದ್ದು 2025ರವರೆಗೆ ಅಲ್ಲಿ ಸಂಸದರಾಗಿದ್ದರು. ಅವರ ಆ ಪುಟ್ಟ ಭಾಷಣ ಕನ್ನಡಿಗರ ಮೊಬೈಲುಗಳಲ್ಲೆಲ್ಲ ಹರಿದಾಡಿತು. ‘ನಮ್ಮ ಕಡೆಯ ಹುಡುಗ ಎಲ್ಲಿಗೆ ಹೋದ ನೋಡಿ’ ಎಂದು ಮೆಚ್ಚಿಕೊಳ್ಳದವರಿಲ್ಲ.

ಹಾಗೆ ಮೆಚ್ಚಿಕೊಂಡವರಲ್ಲಿ ಬಹಳ ಮಂದಿ ಒಂದು ಸಂಗತಿಯನ್ನು ಯೋಚಿಸಿರಲಿಕ್ಕಿಲ್ಲ. ಕೆನಡಾದ ಸಂಸತ್ತಿಗೆ ಸ್ಪರ್ಧಿಸಬೇಕಾದರೆ ಕೆನಡಾದ ಪ್ರಜೆಯಾಗಿರಬೇಕು. ಕೆನಡಾ ತನ್ನ ಹೊಸ ಪ್ರಜೆಗೆ ‘ಹಳೆಯ ದೇಶವನ್ನು ಬಿಟ್ಟು ಬಾ’ ಎಂದು ಹೇಳುವುದಿಲ್ಲ. ಬಿಡು ಎನ್ನುವುದು ಭಾರತ! ನಮ್ಮ ಸಂವಿಧಾನದ 9ನೇ ವಿಧಿ ಮತ್ತು 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಎರಡರದೂ ಒಂದೇ ಮಾತು: ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದವನ ಭಾರತೀಯ ಪೌರತ್ವ ಅಲ್ಲಿಗೆ ಮುಗಿಯಿತು. ಅರ್ಜಿ ಕೊಡಬೇಕಾಗಿಲ್ಲ, ಯಾರೂ ಆದೇಶ ಹೊರಡಿಸಬೇಕಾಗಿಲ್ಲ; ಅಲ್ಲಿ ಪ್ರಮಾಣವಚನ ಸ್ವೀಕರಿಸಿದ ಕ್ಷಣದಲ್ಲೇ ಇಲ್ಲಿಯದು ಕಳಚಿ ಬೀಳುತ್ತದೆ. ಹಳೆಯ ಪಾಸ್‌ಪೋರ್ಟನ್ನು ರಾಯಭಾರ ಕಚೇರಿಗೆ ಒಪ್ಪಿಸಿ ಪ್ರಮಾಣಪತ್ರ ಪಡೆಯುವುದು ಆಮೇಲಿನ ಕಾಗದದ ಕೆಲಸ. ಒಪ್ಪಿಸದೆ ಅದರಲ್ಲೇ ಓಡಾಡಿದರೆ ದಂಡ.

ಹೀಗಾಗಿ ‘ಎರಡನೇ ಪೌರತ್ವ’ ಎಂಬ ಮಾತೇ ನಮ್ಮ ಮಟ್ಟಿಗೆ ಸರಿಯಲ್ಲ. ಭಾರತೀಯನಿಗೆ ಸಿಗುವುದು ಒಂದನ್ನು ಕೊಟ್ಟು ಇನ್ನೊಂದನ್ನು ಪಡೆಯುವ ಅವಕಾಶ. ಜರ್ಮನಿ 2024ರ ಜೂನ್‌ನಲ್ಲಿ ತನ್ನ ಕಾನೂನು ಬದಲಿಸಿ, ಐದು ವರ್ಷ ವಾಸವಿದ್ದವರಿಗೆ ಪೌರತ್ವ, ಹಳೆಯದನ್ನೂ ಇಟ್ಟುಕೊಳ್ಳಬಹುದು ಎಂದಾಗ ಅಲ್ಲಿ ಓದುತ್ತಿದ್ದ ನಮ್ಮ ಹುಡುಗರಿಗೆ ಆಸೆ ಹುಟ್ಟಿದ್ದು ಸಹಜ. ಜರ್ಮನಿ ಬಾಗಿಲು ತೆರೆದರೂ ದೆಹಲಿಯ ಬಾಗಿಲು ಮುಚ್ಚಿಯೇ ಇದೆ.

ಕೇಂದ್ರ ಸರ್ಕಾರ ಸಂಸತ್ತಿಗೆ ಕೊಟ್ಟ ಲೆಕ್ಕದಂತೆ 2011ರಲ್ಲಿ 1,22,819 ಭಾರತೀಯರು ಪೌರತ್ವ ತ್ಯಜಿಸಿದರು. 2022ರಲ್ಲಿ ಆ ಸಂಖ್ಯೆ 2,25,620, 2023ರಲ್ಲಿ 2,16,219. ಇವರೆಲ್ಲ ದೇಶದ ಮೇಲಿನ ಪ್ರೀತಿ ಬತ್ತಿಹೋಗಿ ಹೋದವರೆಂದು ತಿಳಿಯುವುದು ಅನ್ಯಾಯ. ಎಷ್ಟೋ ಮನೆಗಳಲ್ಲಿ ಕಾರಣ ತೀರ ಸರಳವಾದದ್ದು. ಅಮೆರಿಕದಲ್ಲಿ ಗ್ರೀನ್ ಕಾರ್ಡ್ ಇರುವ ಮಗ ತಂದೆತಾಯಿಯನ್ನು ಕಾಯಂ ಆಗಿ ಕರೆಸಿಕೊಳ್ಳುವಂತಿಲ್ಲ. 21 ವರ್ಷ ದಾಟಿದ ಅಮೆರಿಕದ ಪ್ರಜೆ ಕರೆಸಿಕೊಳ್ಳಬಹುದು. ಅಪ್ಪನಿಗೆ ವಯಸ್ಸಾಯಿತು, ಅಮ್ಮನಿಗೆ ಮಂಡಿ ನೋವು, ನೋಡಿಕೊಳ್ಳುವವರಿಲ್ಲ ಎಂದು ಅಲ್ಲಿನ ಪ್ರಮಾಣವಚನ ತೆಗೆದುಕೊಂಡವರನ್ನು ದೂರುವುದಾದರೂ ಹೇಗೆ?

ವಿದ್ಯೆಗಾಗಿ ಊರು ಬಿಡುವುದು

ಈಗ ಬೆಳ್ಳಾವಿಯ ಕಡೆ ಬರೋಣ. ತುಮಕೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಈ ಊರಿಗೆ ವಿದ್ಯೆಗಾಗಿ ಮನೆ ಬಿಡುವುದು ಹೊಸದೇನಲ್ಲ. ಊರಿನ ಹೆಸರನ್ನೇ ತಮ್ಮ ಹೆಸರಿನಲ್ಲಿ ಹೊತ್ತ ಬೆಳ್ಳಾವೆ ವೆಂಕಟನಾರಣಪ್ಪನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಬೋಧಿಸಿದರು. ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆಗೂಡಿ ಕನ್ನಡದಲ್ಲಿ ‘ವಿಜ್ಞಾನ’ ಪತ್ರಿಕೆ ನಡೆಸಿದರು. 1937ರಲ್ಲಿ ಜಮಖಂಡಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಆಗ ಬೆಂಗಳೂರೇ ದೂರ. ಈಗ ಟೆಕ್ಸಾಸ್, ಟೊರಾಂಟೊ, ಮ್ಯೂನಿಕ್.

ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಬೆಳ್ಳಾವಿಯ ಆಸುಪಾಸಿನಲ್ಲಿ ನಾಲ್ಕೆಕರೆ ತೆಂಗು, ಒಂದಿಷ್ಟು ಅಡಕೆ, ಬೋರ್‌ವೆಲ್ ನೀರು. ಮಗ ಎಂಜಿನಿಯರಿಂಗ್ ಮುಗಿಸಿ ಆಗಸ್ಟ್‌ನಲ್ಲಿ ಎಂಎಸ್ ಓದಲು ಅಮೆರಿಕಕ್ಕೆ ಹೊರಟಿದ್ದಾನೆ. ವಿಮಾನ ಹತ್ತಿದ ಆ ಹುಡುಗ ಈಗ ಯಾರು? ಸ್ವದೇಶಿಯೋ ಪರದೇಶಿಯೋ?

ಉತ್ತರ ಕೇಳುವ ಕಚೇರಿಯ ಮೇಲೆ ನಿಂತಿದೆ. ಪಾಸ್‌ಪೋರ್ಟ್ ಕಚೇರಿಯ ಪ್ರಕಾರ ಆತ ಅಪ್ಪಟ ಭಾರತೀಯ. ಬ್ಯಾಂಕಿನ ಪ್ರಕಾರ ಅನಿವಾಸಿ. ವಿದೇಶಕ್ಕೆ ಓದಲು ಹೋದವರನ್ನು ಅನಿವಾಸಿಗಳೆಂದೇ ಪರಿಗಣಿಸಬೇಕೆಂದು ರಿಸರ್ವ್ ಬ್ಯಾಂಕ್ 2003ರಲ್ಲೇ ಸುತ್ತೋಲೆ ಹೊರಡಿಸಿದೆ. ಆದಾಯ ತೆರಿಗೆ ಇಲಾಖೆಯ ಪ್ರಕಾರವೋ, ಮುಂದಿನ ಮಾರ್ಚ್ 31ರವರೆಗೆ ಆತ ಇನ್ನೂ ನಿವಾಸಿ! ಒಬ್ಬನೇ ಹುಡುಗ, ಮೂರು ಗಡಿಯಾರ. ಮೂರೂ ಒಂದೇ ಹೊತ್ತು ತೋರಿಸುತ್ತವೆಂದು ನಂಬಿ ಮೋಸಹೋದ ಕುಟುಂಬಗಳು ಬೇಕಾದಷ್ಟಿವೆ.

ತೆರಿಗೆಯ ಗಡಿಯಾರಕ್ಕೆ ಪಾಸ್‌ಪೋರ್ಟಿನ ಬಣ್ಣ ಮುಖ್ಯವಲ್ಲ, ದಿನಗಳ ಎಣಿಕೆ ಮುಖ್ಯ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ವರ್ಷದಲ್ಲಿ 182 ದಿನ ಭಾರತದಲ್ಲಿದ್ದರೆ ನಿವಾಸಿ. ಆ ವರ್ಷ 60 ದಿನವಿದ್ದು, ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನವಿದ್ದರೂ ನಿವಾಸಿಯೇ. ನಮ್ಮ ಹುಡುಗ ಈ ಎರಡನೆಯ ಲೆಕ್ಕದಲ್ಲಿ ಸಿಕ್ಕಿಬಿದ್ದ. ಕೆಲಸಕ್ಕಾಗಿ ಹೊರಟವನಾಗಿದ್ದರೆ ಆತನಿಗೆ 60ರ ಬದಲು 182 ದಿನದ ರಿಯಾಯಿತಿ ಸಿಗುತ್ತಿತ್ತು. ಹೊರದೇಶದಲ್ಲಿ ನೆಲೆಸಿ ಊರಿಗೆ ಬಂದುಹೋಗುವವರಿಗೂ 182 ದಿನದ ಸಡಿಲಿಕೆ ಇದೆ. ಆದರೆ ಭಾರತದಲ್ಲಿನ ಆದಾಯ 15 ಲಕ್ಷ ರೂಪಾಯಿ ಮೀರಿದವರಿಗೆ 2020ರಿಂದ ಅದು 120 ದಿನಕ್ಕೆ ಇಳಿದಿದೆ. 1961ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದಿರುವ 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲೂ ಈ ದಿನಗಳ ಲೆಕ್ಕ ಹಾಗೆಯೇ ಉಳಿದಿದೆ.

ನಿವಾಸಿಯಾದರೆ ಲೋಕದ ಯಾವ ಮೂಲೆಯಲ್ಲಿ ಗಳಿಸಿದ್ದಕ್ಕೂ ಇಲ್ಲಿ ಲೆಕ್ಕ ಕೊಡಬೇಕು. ಅನಿವಾಸಿಯಾದರೆ ಇಲ್ಲಿ ಹುಟ್ಟಿದ ಆದಾಯಕ್ಕಷ್ಟೇ. ದುಬೈ, ಅಬುಧಾಬಿಯಂಥ ಕಡೆ ಸಂಬಳಕ್ಕೆ ತೆರಿಗೆಯೇ ಇಲ್ಲವಾದ್ದರಿಂದ, ಯಾವ ದೇಶದಲ್ಲೂ ತೆರಿಗೆಗೆ ಒಳಪಡದ ಭಾರತೀಯ ಪ್ರಜೆಗೆ ಇಲ್ಲಿ 15 ಲಕ್ಷಕ್ಕೆ ಮೀರಿದ ಆದಾಯವಿದ್ದರೆ ಆತನನ್ನು ನಿವಾಸಿಯೆಂದೇ ಭಾವಿಸುವ ನಿಯಮವೂ 2020ರಲ್ಲಿ ಸೇರಿತು. ಇದು ನಮ್ಮ ವಿದ್ಯಾರ್ಥಿಯ ತಲೆನೋವಲ್ಲ, ಬಿಡಿ.

ಆತನ ಕೆಲಸ ಇಷ್ಟು: ಹೊರಡುವ ಮೊದಲು ಬ್ಯಾಂಕಿಗೆ ತಿಳಿಸಿ ಉಳಿತಾಯ ಖಾತೆಯನ್ನು ಅನಿವಾಸಿಗಳ ಎನ್‌ಆರ್‌ಓ ಖಾತೆಯಾಗಿ ಬದಲಿಸಿಕೊಳ್ಳುವುದು. ಅಮೆರಿಕಕ್ಕೆ ಹೋದಮೇಲೆ, ಬಿಡಿಗಾಸಿನ ಸಂಪಾದನೆ ಇಲ್ಲದಿದ್ದರೂ ಪ್ರತಿವರ್ಷ ಅಲ್ಲಿನ ತೆರಿಗೆ ಇಲಾಖೆಗೆ 8843 ಎಂಬ ಫಾರಂ ಸಲ್ಲಿಸುವುದು. ವಿದ್ಯಾರ್ಥಿ ವೀಸಾದವರನ್ನು ಮೊದಲ ಐದು ಕ್ಯಾಲೆಂಡರ್ ವರ್ಷ ಅಮೆರಿಕ ಸಾಮಾನ್ಯವಾಗಿ ತನ್ನ ತೆರಿಗೆ ನಿವಾಸಿಯೆಂದು ಎಣಿಸುವುದಿಲ್ಲ. ಅಂದಹಾಗೆ, ಭಾರತ ಮತ್ತು ಅಮೆರಿಕ 1989ರಲ್ಲಿ ಮಾಡಿಕೊಂಡ ತೆರಿಗೆ ಒಪ್ಪಂದದ 21ನೇ ವಿಧಿಯಲ್ಲಿ ಭಾರತೀಯ ವಿದ್ಯಾರ್ಥಿಗಳಿಗೆ ಒಂದು ಉಡುಗೊರೆ ಇದೆ. ಪಾರ್ಟ್‌ಟೈಮ್ ಸಂಬಳದಲ್ಲಿ ಅಲ್ಲಿನವರಿಗೆ ಸಿಗುವ ಸ್ಟಾಂಡರ್ಡ್ ಡಿಡಕ್ಷನ್ ಇವರಿಗೂ ಸಿಗುತ್ತದೆ; ವಿದೇಶಿ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಇದು ಇಲ್ಲ. ಗೊತ್ತಿಲ್ಲದೆ ಹೆಚ್ಚು ತೆರಿಗೆ ಕಟ್ಟುವವರಿದ್ದಾರೆ.

ತೋಟ ಯಾರ ಹೆಸರಿಗೆ?

ಹುಡುಗನಿಗೆ ಕೆಲಸ ಸಿಕ್ಕಿತು, ವರ್ಷಗಳು ಉರುಳಿದವು. ಅಪ್ಪನಿಗೆ ಈಗ ಒಂದು ಯೋಚನೆ. ‘ನಾನು ಕಣ್ಮುಚ್ಚುವ ಮೊದಲೇ ತೋಟಾನ ಮಗನ ಹೆಸರಿಗೆ ಬರೆದುಬಿಡ್ತೀನಿ, ಆಮೇಲೆ ಅವನಿಗೆ ಓಡಾಟ ಬೇಡ.’ ಒಳ್ಳೆಯ ಮನಸ್ಸಿನ ಈ ಮಾತಿನಲ್ಲಿ ಕಾನೂನಿನ ಒಂದು ಗುಂಡಿ ಇದೆ.

ಅನಿವಾಸಿ ಭಾರತೀಯ ಊರಲ್ಲಿ ಸೈಟು ಕೊಳ್ಳಬಹುದು, ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಳ್ಳಬಹುದು. ಕೃಷಿ ಜಮೀನು, ಪ್ಲಾಂಟೇಷನ್, ತೋಟದ ಮನೆ ಕೊಳ್ಳುವಂತಿಲ್ಲ. ದಾನವಾಗಿಯೂ ಪಡೆಯುವಂತಿಲ್ಲ. ಕರ್ನಾಟಕ ಸರ್ಕಾರ 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿದಾಗ ‘ಇನ್ನು ಯಾರು ಬೇಕಾದರೂ ಜಮೀನು ಕೊಳ್ಳಬಹುದು’ ಎಂಬ ಸುದ್ದಿ ಹಬ್ಬಿತಲ್ಲ, ಅದು ಇಲ್ಲಿರುವವರಿಗೆ. ಅನಿವಾಸಿಗಳನ್ನು ಕಟ್ಟಿಹಾಕಿರುವುದು ಕೇಂದ್ರದ ವಿದೇಶಿ ವಿನಿಮಯ ಕಾನೂನು. ಅದು ಹಾಗೆಯೇ ಇದೆ.

ಹಾಗಾದರೆ ತೋಟ ಕೈತಪ್ಪಿತೇ? ಇಲ್ಲ. ವಾರಸುದಾರಿಕೆಯಿಂದ ಬರುವುದಕ್ಕೆ ಅಡ್ಡಿಯಿಲ್ಲ. ಮಗ ಅನಿವಾಸಿಯಾಗಿರಲಿ, ಪೌರತ್ವ ಬದಲಿಸಿ ಓಸಿಐ ಕಾರ್ಡ್ ಪಡೆದವನಾಗಿರಲಿ, ಭಾರತದಲ್ಲಿ ವಾಸವಿದ್ದ ತಂದೆಯಿಂದ ಉತ್ತರಾಧಿಕಾರವಾಗಿ ಕೃಷಿ ಜಮೀನು ಪಡೆಯಬಹುದು. ಮುಂದೆ ಮಾರುವುದಾದರೆ ಭಾರತದಲ್ಲಿ ವಾಸಿಸುವ ಭಾರತೀಯ ಪ್ರಜೆಗೆ ಮಾರಬೇಕು. ಆದ್ದರಿಂದ ಅಪ್ಪ ಬರೆಸಬೇಕಾದದ್ದು ದಾನಪತ್ರವನ್ನಲ್ಲ, ಉಯಿಲನ್ನು. ಪಿತ್ರಾರ್ಜಿತ ಆಸ್ತಿಯಾದರೆ ಅಣ್ಣತಮ್ಮಂದಿರು, ಅಕ್ಕತಂಗಿಯರ ಹಕ್ಕಿನ ಪ್ರಶ್ನೆಯೂ ಬರುವುದರಿಂದ ವಕೀಲರನ್ನು ಕಾಣದೆ ಕೈಹಾಕಬಾರದು.

ಇನ್ನು ತೆಂಗಿನಕಾಯಿಯ ದುಡ್ಡು. ಕೃಷಿ ಆದಾಯಕ್ಕೆ ಭಾರತದಲ್ಲಿ ಆದಾಯ ತೆರಿಗೆ ಇಲ್ಲವೆಂಬುದು ರೈತರಿಗೆಲ್ಲ ಗೊತ್ತು. ಗೊತ್ತಿಲ್ಲದ್ದು ಇದು: ಮಗ ಅಮೆರಿಕದ ಗ್ರೀನ್ ಕಾರ್ಡ್ ಹೊಂದಿದ್ದರೆ ಅಥವಾ ಅಲ್ಲಿನ ಪ್ರಜೆಯಾಗಿದ್ದರೆ, ತೋಟ ಆತನದಾದ ಮೇಲೆ ಆ ತೆಂಗಿನಕಾಯಿಯ ಆದಾಯವನ್ನೂ ಅಮೆರಿಕದ ರಿಟರ್ನ್‌ನಲ್ಲಿ ತೋರಿಸಬೇಕು. ಬಹುತೇಕ ದೇಶಗಳು ವಾಸವನ್ನು ನೋಡಿ ತೆರಿಗೆ ಹಾಕುತ್ತವೆ. ಅಮೆರಿಕ ತನ್ನ ಪ್ರಜೆ ಬೆಳ್ಳಾವಿಯಲ್ಲೇ ವಾಸವಿದ್ದರೂ ಬಿಡುವುದಿಲ್ಲ. ಎರಡು ಕಡೆ ತೆರಿಗೆ ಬೀಳದಂತೆ ಒಪ್ಪಂದವಿದೆಯಲ್ಲ ಎಂದರೆ, ಆ ಒಪ್ಪಂದದ ದಾರಿ ಇಲ್ಲಿ ಕಟ್ಟಿದ ತೆರಿಗೆಯನ್ನು ಅಲ್ಲಿ ವಜಾ ಮಾಡಿಕೊಳ್ಳುವುದು. ಇಲ್ಲಿ ತೆರಿಗೆಯೇ ಇಲ್ಲದ ತೆಂಗಿಗೆ ವಜಾ ಮಾಡುವುದು ಏನನ್ನು?

ಇದರ ಜೊತೆಗೆ ಬ್ಯಾಂಕ್ ಖಾತೆಗಳ ವಿವರ. ಅಮೆರಿಕದ ಹೊರಗಿರುವ ಎಲ್ಲ ಖಾತೆಗಳ ಮೊತ್ತ ವರ್ಷದ ಯಾವುದೇ ದಿನ 10,000 ಡಾಲರ್ ಮೀರಿದ್ದರೆ ಅಲ್ಲಿನ ಸರ್ಕಾರಕ್ಕೆ ವರದಿ ಮಾಡಬೇಕು. ಅಪ್ಪ ‘ಇರಲಿ’ ಎಂದು ತನ್ನ ಠೇವಣಿಗೆ ಮಗನ ಹೆಸರನ್ನೂ ಜಂಟಿಯಾಗಿ ಸೇರಿಸಿರುತ್ತಾರೆ. ಅದೂ ಲೆಕ್ಕಕ್ಕೆ ಬರುತ್ತದೆ. ಕೆನಡಾದಲ್ಲಿ ಹೊರದೇಶದ ಇಂಥ ಆಸ್ತಿಯ ಬೆಲೆ ಒಂದು ಲಕ್ಷ ಕೆನಡಾ ಡಾಲರ್ ದಾಟಿದರೆ ಬೇರೆ ಫಾರಂ. ಮುಚ್ಚಿಟ್ಟವರಿಗೆ ದಂಡ ದೊಡ್ಡದು.

‘ಅಪ್ಪಾ, ನೀವಿಬ್ಬರೂ ಇಲ್ಲಿಗೇ ಬಂದುಬಿಡಿ’ ಎಂದು ಪ್ರಜೆಯಾದ ಮಗ ಕರೆದನೆನ್ನಿ. ಬರಿಯ ಪ್ರವಾಸಿ ವೀಸಾದಲ್ಲಿ ಹೋದರೆ ಸಾಮಾನ್ಯವಾಗಿ ಆರು ತಿಂಗಳು ಇದ್ದು ಬರಬಹುದು. ಗ್ರೀನ್ ಕಾರ್ಡ್ ತೆಗೆದುಕೊಂಡರೆ ಅದು ಅಲ್ಲಿಯೇ ನೆಲೆಸುವವರಿಗೆ ಕೊಡುವ ಪತ್ರ. ವರ್ಷದ ಬಹುಭಾಗ ಬೆಳ್ಳಾವಿಯಲ್ಲಿ ಕಾಯಿ ಕೀಳಿಸುತ್ತಾ ಕುಳಿತರೆ ಉಳಿಯುವುದಿಲ್ಲ. ಉಳಿದಷ್ಟು ಕಾಲ ಅಪ್ಪನ ತೆಂಗಿನ ಆದಾಯವೂ ಅಮೆರಿಕದ ಲೆಕ್ಕಕ್ಕೆ ಸೇರುತ್ತದೆ. ಕಾಯಂ ಆಗಿ ನೆಲೆಸುವ ಮನಸ್ಸಿಲ್ಲದ ಹಿರಿಯರು ಪ್ರವಾಸಿ ವೀಸಾದಲ್ಲೇ ತೃಪ್ತರಾಗುವುದು ಲೇಸೆಂದು ನನ್ನ ಅನಿಸಿಕೆ.

ಓಸಿಐ ಎಂಬ ಕಾರ್ಡು

ದ್ವಿಪೌರತ್ವ ಬೇಕೆಂಬ ಕೂಗು ಹಳೆಯದು. ಅದನ್ನು ಪರಿಶೀಲಿಸಲು 2000ದಲ್ಲಿ ಎಲ್.ಎಂ. ಸಿಂಘ್ವಿ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು. ಕೊನೆಗೆ ಕಾನೂನು ತಿದ್ದುಪಡಿಯಾಗಿ 2006ರ ಜನವರಿಯಲ್ಲಿ ಹೈದರಾಬಾದಿನ ಪ್ರವಾಸಿ ಭಾರತೀಯ ದಿವಸದಂದು ಓಸಿಐ ಯೋಜನೆಗೆ ವಿಧ್ಯುಕ್ತ ಚಾಲನೆ ದೊರೆಯಿತು. ‘ಭಾರತದ ಸಾಗರೋತ್ತರ ಪ್ರಜೆ’ ಎಂಬ ಹೆಸರು ಕೇಳಿ ಇದೇ ದ್ವಿಪೌರತ್ವವೆಂದು ಸಂಭ್ರಮಿಸಿದವರಿಗೆ ಲೆಕ್ಕವಿಲ್ಲ. ಹೆಸರು ದೊಡ್ಡದು, ಒಳಗಿರುವುದು ಜೀವನಪೂರ್ತಿ ವೀಸಾ. ಯಾವಾಗ ಬೇಕಾದರೂ ಬರಬಹುದು, ಎಷ್ಟು ದಿನ ಬೇಕಾದರೂ ಇರಬಹುದು, ಉದ್ಯೋಗ ಮಾಡಬಹುದು. ಮತ ಹಾಕುವಂತಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ, ಸರ್ಕಾರಿ ನೌಕರಿ ಸಾಮಾನ್ಯವಾಗಿ ಇಲ್ಲ. ಸಂಶೋಧನೆಗೂ ಪತ್ರಿಕೋದ್ಯಮಕ್ಕೂ ವಿಶೇಷ ಅನುಮತಿ ಬೇಕು. ಪಾಸ್‌ಪೋರ್ಟ್ ಬದಲಿಸದ ಅನಿವಾಸಿಯಾದರೋ, 2011ರಿಂದ ತನ್ನ ಊರಿನ ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಿಕೊಂಡು, ಖುದ್ದಾಗಿ ಬಂದು ಮತ ಹಾಕಬಹುದು.

ಇವೆಲ್ಲ ದೊಡ್ಡವರು ತಿಳಿದು ಮಾಡಿಕೊಳ್ಳುವ ಆಯ್ಕೆಗಳು. ನನಗೆ ಹೆಚ್ಚು ಯೋಚನೆ ಹುಟ್ಟಿಸುವುದು ಮೊಮ್ಮಗುವಿನ ವಿಷಯ.

ಮಗ ಸೊಸೆ ಇಬ್ಬರೂ ಇನ್ನೂ ಭಾರತೀಯ ಪಾಸ್‌ಪೋರ್ಟಿನವರೇ, ಕೆಲಸದ ವೀಸಾದಲ್ಲಿದ್ದಾರೆ. ಮಗಳು 2008ರ ಸುಮಾರಿಗೆ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದಳೆನ್ನಿ. ಹುಟ್ಟಿನಿಂದಲೇ ಅಮೆರಿಕದ ಪ್ರಜೆ. ಹೊರದೇಶದಲ್ಲಿ ಹುಟ್ಟಿದ ಮಗುವನ್ನು ಒಂದು ವರ್ಷದೊಳಗೆ ಭಾರತದ ದೂತಾವಾಸದಲ್ಲಿ ನೋಂದಾಯಿಸಿ ಭಾರತೀಯ ಪ್ರಜೆಯನ್ನಾಗಿ ಮಾಡಬಹುದು. ಆದರೆ ಬೇರೆ ದೇಶದ ಪಾಸ್‌ಪೋರ್ಟ್ ಮಗುವಿಗಿಲ್ಲವೆಂದು ತಂದೆತಾಯಿ ಬರೆದುಕೊಡಬೇಕು. ಕೈಗೆ ಬಂದ ಅಮೆರಿಕದ ಪಾಸ್‌ಪೋರ್ಟನ್ನು ಬೇಡವೆನ್ನುವವರು ಯಾರು? ಅದನ್ನೇ ಮಾಡಿಸಿ, ಜೊತೆಗೆ ಓಸಿಐ ಕಾರ್ಡ್ ಮಾಡಿಸಿಬಿಡುತ್ತಾರೆ. ‘ಎರಡೂ ಒಂದೇ, ಓಡಾಟಕ್ಕೆ ತೊಂದರೆಯಿಲ್ಲ’ ಎಂದು ಸ್ನೇಹಿತರು ಹೇಳಿರುತ್ತಾರೆ.

ಗ್ರೀನ್ ಕಾರ್ಡಿನ ಸರದಿ ಬರಲಿಲ್ಲ. ಅಮೆರಿಕ ಉದ್ಯೋಗದ ಮೇಲೆ ವರ್ಷಕ್ಕೆ ಕೊಡುವ ಗ್ರೀನ್ ಕಾರ್ಡುಗಳು ಸುಮಾರು 1,40,000. ಅದರಲ್ಲಿ ಯಾವುದೇ ಒಂದು ದೇಶದವರಿಗೆ ಸುಮಾರಾಗಿ ಶೇ 7ರ ಮಿತಿ. ಭಾರತೀಯರ ಸರದಿ ವರ್ಷಗಟ್ಟಲೆ ಉದ್ದ. ಕಾದು ಬೇಸತ್ತು ಕುಟುಂಬ ತುಮಕೂರಿಗೆ ಮರಳಿತು. ಮಗಳು ಇಲ್ಲೇ ಹೈಸ್ಕೂಲು, ಪಿಯುಸಿ ಓದಿದಳು, ಕನ್ನಡ ಸರಾಗವಾಗಿ ಬರುತ್ತದೆ, ಡಾಕ್ಟರಾಗುವ ಆಸೆ.

ಸೀಟಿಗೆ ಅರ್ಜಿ ಹಾಕುವಾಗ ಗೊತ್ತಾಗುವ ಸಂಗತಿ: 2021ರ ಮಾರ್ಚ್ 4ರ ಕೇಂದ್ರ ಸರ್ಕಾರದ ಅಧಿಸೂಚನೆಯಂತೆ ಓಸಿಐ ಕಾರ್ಡಿನವರು ನೀಟ್, ಜೆಇಇ ಬರೆಯಬಹುದು, ಆದರೆ ಸೇರಬಹುದಾದದ್ದು ಅನಿವಾಸಿಗಳ ಸೀಟಿಗೆ ಅಥವಾ ಹೆಚ್ಚುವರಿ ಸೀಟಿಗೆ ಮಾತ್ರ. ಭಾರತೀಯ ಪ್ರಜೆಗಳಿಗೇ ಮೀಸಲಾದ ಸೀಟು ಅವರಿಗಿಲ್ಲ. ಇದನ್ನು ಪ್ರಶ್ನಿಸಿ ಹಲವು ವಿದ್ಯಾರ್ಥಿಗಳು ಸುಪ್ರೀಂ ಕೋರ್ಟಿಗೆ ಹೋದರು. 2023ರ ಫೆಬ್ರುವರಿಯಲ್ಲಿ ಬಂದ ತೀರ್ಪಿನ ಸಾರಾಂಶ: ಆ ಅಧಿಸೂಚನೆ ಮುಂದಿನವರಿಗಷ್ಟೇ ಅನ್ವಯ, ಮಾರ್ಚ್ 4ರ ಮೊದಲೇ ಓಸಿಐ ಕಾರ್ಡ್ ಪಡೆದಿದ್ದವರಿಗೆ ಹಿಂದಿನ ಹಕ್ಕು ಉಳಿಯುತ್ತದೆ. ಮೇಲೆ ಹೇಳಿದ ಹುಡುಗಿ ಹುಟ್ಟಿದ ಹೊಸದರಲ್ಲೇ ಕಾರ್ಡ್ ಮಾಡಿಸಿದ್ದರಿಂದ ಬಚಾವಾದಳು. ಅವಳ ತಮ್ಮನಿಗೆ 2022ರಲ್ಲಿ ಮಾಡಿಸಿದ್ದರೆ? ಒಂದೇ ಮನೆ, ಒಂದೇ ಶಾಲೆ. ಅಕ್ಕನಿಗೆ ಒಂದು ದರದ ಸೀಟು, ತಮ್ಮನಿಗೆ ಇನ್ನೊಂದು. ಸರ್ಕಾರಿ ಕೋಟಾದ ವೈದ್ಯಕೀಯ ಸೀಟಿಗೂ ಎನ್‌ಆರ್‌ಐ ಸೀಟಿಗೂ ಇರುವ ಶುಲ್ಕದ ಅಂತರವನ್ನು ಪೋಷಕರಿಗೆ ವಿವರಿಸಬೇಕಾಗಿಲ್ಲ.

ಮಗುವಿಗೆ ಮೂರು ತಿಂಗಳಿದ್ದಾಗ ತುಂಬಿದ ಒಂದು ಫಾರಂ ಹದಿನೇಳು ವರ್ಷಗಳ ಬಳಿಕ ಹೀಗೆ ಎದುರು ಬಂದು ನಿಲ್ಲುತ್ತದೆ. ಪರಿಹಾರ ಇಲ್ಲವೇ ಇಲ್ಲವೆಂದಲ್ಲ. ತಂದೆತಾಯಿ ಭಾರತದ ಪ್ರಜೆಗಳಾಗಿಯೇ ಉಳಿದಿದ್ದರೆ ಅಪ್ರಾಪ್ತ ಮಗುವನ್ನು ಭಾರತದ ಪ್ರಜೆಯಾಗಿ ನೋಂದಾಯಿಸಲು ಪೌರತ್ವ ಕಾಯ್ದೆಯ 5ನೇ ಸೆಕ್ಷನ್ನಿನಲ್ಲಿ ಅವಕಾಶವಿದೆ. ಪ್ರಾಪ್ತವಯಸ್ಕರು ಐದು ವರ್ಷದಿಂದ ಓಸಿಐ ಆಗಿದ್ದು, ಅರ್ಜಿಗೆ ಮುನ್ನ ಹನ್ನೆರಡು ತಿಂಗಳು ಭಾರತದಲ್ಲಿ ವಾಸವಿದ್ದರೆ ಅವರೂ ಅರ್ಜಿ ಹಾಕಬಹುದು. ಎರಡಕ್ಕೂ ಸಮಯ ಹಿಡಿಯುತ್ತದೆ, ಮತ್ತು ಆಚೆಯ ಪೌರತ್ವವನ್ನು ಕೈಬಿಡಬೇಕಾಗುತ್ತದೆ. ಪಿಯುಸಿ ಎರಡನೇ ವರ್ಷದಲ್ಲಿ ಎಚ್ಚೆತ್ತರೆ ತಡ. ಎಂಟನೇ ತರಗತಿಯಲ್ಲೇ ಕುಳಿತು ಮಾತಾಡುವುದು ವಾಸಿ.

ತದ್ವಿರುದ್ಧ ಉದಾಹರಣೆಯೂ ಉಂಟು. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಕುಟುಂಬದ ವಿವೇಕ್ ಮೂರ್ತಿ 1977ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಕೆನಡಾ ದಾಟಿ, ಅಮೆರಿಕದಲ್ಲಿ ಬೆಳೆದು ಅಲ್ಲಿನ ಸರ್ಜನ್ ಜನರಲ್ ಹುದ್ದೆಗೆ ಎರಡು ಬಾರಿ ಏರಿದರು. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ 1979ರಲ್ಲಿ ಅಮೆರಿಕಕ್ಕೆ ಓದಲು ಹೋಗಿ, 1988ರಲ್ಲಿ ಅಲ್ಲಿನ ಪ್ರಜೆಯಾಗಿ, 2023ರಲ್ಲಿ ಮಿಷಿಗನ್‌ನಿಂದ ಅಮೆರಿಕದ ಸಂಸತ್ತಿಗೆ ಕಾಲಿಟ್ಟರು. ಪೌರತ್ವ ಬದಲಿಸದೆ ಇಂಥ ಬಾಗಿಲು ತೆರೆಯುವುದಿಲ್ಲ. ನೆಲೆಸುವುದು ಅಲ್ಲಿಯೇ ಎಂದು ನಿಶ್ಚಯಿಸಿದವರು ಅರ್ಧ ಮನಸ್ಸಿನಲ್ಲಿ ಉಳಿಯುವುದರಲ್ಲಿ ಅರ್ಥವಿಲ್ಲ.

ದುಡ್ಡಿಗೆ ಸಿಗುವ ಪಾಸ್‌ಪೋರ್ಟ್

ಕೊನೆಗೆ, ಹೋಟೆಲಿನ ಸಭಾಂಗಣಗಳಲ್ಲಿ ಬಣ್ಣಬಣ್ಣದ ಪುಸ್ತಿಕೆ ಹಂಚುವ ಏಜೆಂಟರ ವಿಷಯ. ಕೆರಿಬಿಯನ್ ಸಮುದ್ರದ ಸೇಂಟ್ ಕಿಟ್ಸ್ ಅಂಡ್ ನೆವಿಸ್ ಎಂಬ ಪುಟ್ಟ ದ್ವೀಪ ರಾಷ್ಟ್ರ 1984ರಿಂದಲೂ ಹಣ ಹೂಡಿದವರಿಗೆ ಪೌರತ್ವ ಕೊಡುತ್ತಿದೆ. ಯುರೋಪಿನ ಮಾಲ್ಟಾ ಹೀಗೆಯೇ ಮಾರುತ್ತಿತ್ತು. 2025ರ ಏಪ್ರಿಲ್ 29ರಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ ಅದು ಕಾನೂನುಬಾಹಿರವೆಂದಿತು. ಅಮೆರಿಕದ ಇಬಿ-5 ಹೂಡಿಕೆ ವೀಸಾಕ್ಕೆ 2022ರ ಮಾರ್ಚ್‌ನಲ್ಲಿ ಬಂದ ಕಾನೂನಿನಂತೆ ಕನಿಷ್ಠ ಎಂಟು ಲಕ್ಷ ಡಾಲರ್ ಬೇಕು. ನಾಲ್ಕೆಕರೆ ತೆಂಗಿನ ತೋಟದವರ ಮಾತಲ್ಲ ಇದು. ಆದರೂ ಮಗಳ ಓದಿಗೆಂದು ಜಮೀನು ಅಡವಿಟ್ಟ ಮನೆಗೆ ಬಂದು ‘ಪಿಆರ್ ಗ್ಯಾರಂಟಿ’ ಎನ್ನುವವರಿದ್ದಾರೆ. ಕಾಯಂ ವಾಸದ ಪರವಾನಗಿಯನ್ನು ಯಾವ ಏಜೆಂಟನೂ ಗ್ಯಾರಂಟಿ ಕೊಡಲಾರ. ಕೊಡುವುದು ಆ ದೇಶದ ಸರ್ಕಾರ, ಅದೂ ತನಗೆ ಬೇಕಾದಾಗ ನಿಯಮ ಬದಲಿಸಿಕೊಂಡು. ಕೆನಡಾದಲ್ಲಿ ಪರವಾನಗಿ ಸಿಕ್ಕ ಬಳಿಕವೂ ಪೌರತ್ವಕ್ಕೆ ಐದು ವರ್ಷಗಳಲ್ಲಿ 1,095 ದಿನ ಅಲ್ಲಿ ಕಾಲೂರಿ ಇರಬೇಕು. ಅಮೆರಿಕದಲ್ಲಿ ಗ್ರೀನ್ ಕಾರ್ಡ್ ಬಂದಮೇಲೆ ಸಾಮಾನ್ಯವಾಗಿ ಐದು ವರ್ಷ.

ಮಕ್ಕಳು ಹೊರಗಿರುವ ಮನೆಯವರು ಈ ಸಲ ಅವರು ರಜೆಗೆ ಬಂದಾಗ ಮಾಡಿಸಿಡಬಹುದಾದ ಕೆಲಸ ಒಂದೆರಡಿವೆ. ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರೇ ಇದ್ದರೆ ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸಿ ಪೌತಿ ಖಾತೆಗೆ ಅರ್ಜಿ ಹಾಕುವುದು. ಹಕ್ಕುದಾರರೆಲ್ಲ ಒಟ್ಟಿಗೆ ಊರಲ್ಲಿ ಸಿಗುವುದು ಹಬ್ಬದ ವಾರದಲ್ಲಷ್ಟೇ. ಮಗನ ಪರವಾಗಿ ಇಲ್ಲಿ ಯಾರಾದರೂ ಸಹಿ ಹಾಕಬೇಕಾಗುವುದಾದರೆ ಅಧಿಕಾರ ಪತ್ರವನ್ನೂ ಆಗಲೇ ಬರೆಸುವುದು ಸುಲಭ. ವಿದೇಶದಲ್ಲಿ ಬರೆಸಿದರೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ, ಭಾರತಕ್ಕೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕಾಗುತ್ತದೆ.